ಸ್ಪೆಕ್ಟ್ರೋಗ್ರಾಫಿಗೆ ಸಿಸಿಡಿ ಕೂರಿಸಿಕೊಡುವ ಸೇವೆ: ನಡುವೆ ಚೊಕ್ಕ, ತುದಿಯಲ್ಲಿ ಮಸುಕು

ಮೈಸೂರಿನ ಪ್ರಯೋಗಾಲಯವೊಂದಕ್ಕೆ ಬೆಂಗಳೂರಿನಿಂದ ಬಂದ ಎಂಜಿನಿಯರ್ ಒಂದೇ ದಿನದಲ್ಲಿ ಮಾಡಿಕೊಟ್ಟ ಕೆಲಸ ಇದು. ರಿಪೇರಿಯಾಗಿ ಬಂದ ಸಿಸಿಡಿಯನ್ನು, ಅಂದರೆ ಬೆಳಕನ್ನು ಪಿಕ್ಸೆಲ್ ಲೆಕ್ಕದಲ್ಲಿ ಅಳೆಯುವ ಕ್ಯಾಮೆರಾವನ್ನು, ಅರ್ಧ ಮೀಟರ್‌ನ ಚೆರ್ನಿ-ಟರ್ನರ್ ಸ್ಪೆಕ್ಟ್ರೋಗ್ರಾಫಿಗೆ (ಎರಡು ಕನ್ನಡಿ ಬಳಸಿ ಬೆಳಕಿನ ವರ್ಣಪಟಲ ದಾಖಲಿಸುವ ಉಪಕರಣ) ಮತ್ತೆ ಕೂರಿಸಿ ಫೋಕಸ್ ಮಾಡಬೇಕಿತ್ತು. ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಗ್ರೇಟಿಂಗ್‌ನಲ್ಲಿ ಮಿಲಿಮೀಟರಿಗೆ 1200 ಗೀರು. ಸಿಸಿಡಿ 1024 × 256, ಪಿಕ್ಸೆಲ್ 26 ಮೈಕ್ರಾನ್. ಪಿಕ್ಸೆಲ್‌ಗೆ ಸುಮಾರು 0.04 ನ್ಯಾನೊಮೀಟರ್ ಲೆಕ್ಕ. ಪಾದರಸದ ಹಳದಿ ಜೋಡಿ, ಅಂದರೆ 576.96 ಮತ್ತು 579.07 ನ್ಯಾನೊಮೀಟರಿನ ರೇಖೆಗಳು, ಐವತ್ತು ಚಿಲ್ಲರೆ ಪಿಕ್ಸೆಲ್ ದೂರದಲ್ಲಿ ನಿಲ್ಲಬೇಕು. ಕಾಲೇಜು ಲ್ಯಾಬಿನ ಸೋಡಿಯಂ ದೀಪವಾದರೆ ಎರಡು ಡಿ ರೇಖೆಗಳ ನಡುವೆ ಹದಿನೈದು.

ಆರಂಭ ಬಹಳ ಚೆನ್ನಾಗಿತ್ತು. ಪಾದರಸದ ದೀಪಕ್ಕೂ ಬೆಳಕು ಒಳಹೋಗುವ ಸಣ್ಣ ಸೀಳಾದ ಸ್ಲಿಟ್‌ಗೂ ನಡುವೆ ಟ್ರೇಸಿಂಗ್ ಕಾಗದ ಹಿಡಿದು ಬೆಳಕು ಗ್ರೇಟಿಂಗ್ ತುಂಬುವಂತೆ ನೋಡಿಕೊಂಡರು. ಸಣ್ಣ ಕೋನದಲ್ಲಿ ಬೆಳಕು ಹೋದರೆ ಫೋಕಸ್ ಎಲ್ಲಿಟ್ಟರೂ ರೇಖೆ ಚೂಪಾಗಿಯೇ ಕಂಡು ಮೋಸ ಮಾಡುತ್ತದೆ. ಸ್ಲಿಟ್ 25 ಮೈಕ್ರಾನ್ ಇಟ್ಟಿದ್ದೂ ಸರಿ. 10ಕ್ಕೆ ಇಳಿಸಿದರೆ ರೇಖೆ ಒಂದೇ ಪಿಕ್ಸೆಲ್‌ನಲ್ಲಿ ಅಡಗಿ ಅಗಲ ಅಳೆಯಲಾಗದು. ರೇಖೆಯ ಶಿಖರದ ಎಣಿಕೆಯನ್ನು ಗರಿಷ್ಠ 65,535ರಲ್ಲಿ ಮೂವತ್ತು-ನಲವತ್ತು ಸಾವಿರದೊಳಗೆ ಇಟ್ಟರು. ಎಫ್/6.5ರ (ಫೋಕಸ್ ದೂರ ಬೆಳಕಿನ ಕಿರಣದ ಅಗಲದ 6.5 ಪಟ್ಟು) ಉಪಕರಣದಲ್ಲಿ ಫೋಕಸ್ 0.17 ಮಿ.ಮೀ. ತಪ್ಪಿದರೆ ಒಂದು ಪಿಕ್ಸೆಲ್‌ನಷ್ಟು ಮಸುಕು, ಹಾಗಾಗಿ 0.1 ಮಿ.ಮೀ. ಹೆಜ್ಜೆ ಸಾಕು. ಸ್ಕ್ರೂವಿನ ಆಟ ಕಾಡದಂತೆ ಪ್ರತಿ ಸಲವೂ ಒಂದೇ ಕಡೆಯಿಂದ ಬಂದರು. ಬೋಲ್ಟ್ ಬಿಗಿ ಮಾಡಿದ ಮೇಲೆ ಮತ್ತೊಮ್ಮೆ ಅಳೆದರು. ಬಿಗಿ ಮಾಡುವಾಗಲೇ ಕ್ಯಾಮೆರಾ ಕದಲುವುದರಿಂದ ಇದನ್ನು ಬಿಡುವಂತಿಲ್ಲ.

ಕೊರತೆ ಬಿದ್ದದ್ದು ತುದಿಗಳಲ್ಲಿ. ನಡುವಿನ ರೇಖೆ ಎರಡು ಪಿಕ್ಸೆಲ್‌ಗೆ ಬಂದೊಡನೆ ಕೆಲಸ ಮುಗಿಯಿತೆಂದರು. ಆದರೆ ಗ್ರೇಟಿಂಗ್ ತಿರುಗಿಸಿ ಪಾದರಸದ ಅದೇ 546.07ರ ಹಸಿರು ರೇಖೆಯನ್ನು 100ನೇ ಪಿಕ್ಸೆಲ್‌ಗೂ 920ಕ್ಕೂ ತಂದು ನೋಡಲೇಬೇಕು. ಮೂರು ಜಾಗಕ್ಕೂ ಫೋಕಸ್ ಮತ್ತು ಅಗಲದ ಗ್ರಾಫ್ ಎಳೆದರೆ ತಪ್ಪು ಎಲ್ಲಿದೆಯೆಂದು ತಿಳಿಯುತ್ತದೆ. ಎರಡೂ ತುದಿ ಒಂದೇ ದಿಕ್ಕಿಗೆ ಸರಿದಿದ್ದರೆ ಅದು ಕನ್ನಡಿಯ ಗುಣ, ನಡುವೆ ಎಲ್ಲೋ ಹೊಂದಿಸಿಕೊಳ್ಳಬೇಕು. ಒಂದು ಹಿಂದೆ ಒಂದು ಮುಂದೆ ಆಗಿದ್ದರೆ ಕ್ಯಾಮೆರಾ ವಾಲಿದೆ. ಇಲ್ಲಿ ಆದದ್ದು ಎರಡನೆಯದು: 21 ಮಿ.ಮೀ. ಅಂತರಕ್ಕೆ 0.3 ಮಿ.ಮೀ., ಅಂದರೆ ಸುಮಾರು 0.8 ಡಿಗ್ರಿ. ಕ್ಯಾಮೆರಾ ಕೂರುವ ಚಾಚುಬಳೆ, ಅಂದರೆ ಫ್ಲಾಂಜಿನ ಬೋಲ್ಟ್‌ಗಳು 80 ಮಿ.ಮೀ. ದೂರದಲ್ಲಿದ್ದರೆ ಒಂದು ಬದಿಗೆ 1.1 ಮಿ.ಮೀ. ಶಿಮ್ (ಸಂದಿಗೆ ಕೊಡುವ ತೆಳು ಬಿಲ್ಲೆ) ಬೇಕು. ಹೇಳಿದ ಮೇಲೆ ಹಾಕಿಕೊಟ್ಟರು. ರೇಖೆಗೆ ಒಂದೇ ಕಡೆ ಬಾಲ ಉಳಿದರೆ ಅದು ಕೋಮಾ ಎಂಬ ಕನ್ನಡಿ ಜೋಡಣೆಯ ದೋಷ. ಫೋಕಸ್ ಎಷ್ಟು ತಿರುಗಿಸಿದರೂ ಹೋಗುವುದಿಲ್ಲ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು, ಸುಲಭಕ್ಕೆ ಕಣ್ಣಿಗೆ ಬೀಳದ್ದು. ರೇಖೆ ನೆಟ್ಟಗೆ ನಿಲ್ಲುವವರೆಗೆ ಕ್ಯಾಮೆರಾವನ್ನೇ ತಿರುಗಿಸಿದರು. 256 ಸಾಲುಗಳನ್ನೂ ಕೂಡಿಸಿ ಓದುವವರಿಗೆ ಇದು ಸಾಕು. ಬೆಳಕು ಸಾಗಿಸುವ ಫೈಬರ್ ಕಂತೆ ಹಚ್ಚಿ ಸಾಲು ಸಾಲಾಗಿ ಬೇರೆ ಓದುವವರಿಗೆ ಸಾಲದು. ಸ್ಲಿಟ್ ಮುಂದೆ ಒಂದೇ ಫೈಬರ್ ಇಟ್ಟು ಮೇಜಿನ ಬಲ್ಬು ಹೊತ್ತಿಸಿ ನೋಡಿದಾಗ ಬೆಳಕಿನ ಪಟ್ಟಿ ಎಡತುದಿಯಲ್ಲಿ 120ನೇ ಸಾಲಿನಲ್ಲಿತ್ತು, ಬಲತುದಿಯಲ್ಲಿ 131ರಲ್ಲಿ. ಒಂದು ಫೈಬರಿನ ಬೆಳಕು ಪಕ್ಕದ್ದರ ಸಾಲಿಗೆ ನುಗ್ಗುವುದು ಹೀಗೆಯೇ. ಮೊದಲು ಈ ಪಟ್ಟಿ ಸಾಲಿನ ಗುಂಟ ಓಡುವಂತೆ ಕ್ಯಾಮೆರಾ ತಿರುಗಿಸಬೇಕು. ಆಮೇಲೆ ಪಾದರಸದ ದೀಪ ಇಟ್ಟು, ರೇಖೆ ನೆಟ್ಟಗಾಗುವಂತೆ ಸ್ಲಿಟ್ ತಿರುಗಿಸಬೇಕು. ಮೇಲಿಂದ ಕೆಳಗೆ ಒಂದು ಪಿಕ್ಸೆಲ್ ವಾಲಿದರೆ 0.22 ಡಿಗ್ರಿ, ಅದರೊಳಗೆ ಬರಬೇಕು. ರೇಖೆ ತುಸು ಬಾಗಿರುವುದು ಸಹಜ. ಸ್ಲಿಟ್ ಮುಟ್ಟುವುದು ತಮ್ಮ ಕೆಲಸದಲ್ಲಿ ಸೇರಿಲ್ಲ ಎಂದು ಅವರು ಹೇಳಿದ್ದನ್ನು ಒಪ್ಪಲಾಗದು. ಸ್ಲಿಟ್ ಬಿಟ್ಟು ಕ್ಯಾಮೆರಾ ಒಂದನ್ನೇ ಹೊಂದಿಸಿದರೆ ಅದು ಅರ್ಧ ಕೆಲಸ.

ಫ್ಲಾಂಜಿನ ಗ್ಯಾಸ್ಕೆಟ್ ಚೆನ್ನಾಗಿ ಕೂತಿತ್ತು. ಪರೀಕ್ಷೆ ಸುಲಭ: ದೀಪ ಆರಿಸಿ, ಸ್ಲಿಟ್ ಮುಚ್ಚಿ, ಕೋಣೆಯ ಟ್ಯೂಬ್‌ಲೈಟ್ ಹಾಕಿ. ಎಲ್‌ಇಡಿ ಅಲ್ಲದ ಹಳೆಯ ಬಗೆಯ ಟ್ಯೂಬಿನಲ್ಲೂ ಪಾದರಸವಿದೆ, ಸಂದಿಯಿದ್ದರೆ ಹಿನ್ನೆಲೆ ಮೇಲೇಳುತ್ತದೆ.

ಈ ಸೇವೆಗೆ ಐದರಲ್ಲಿ ಮೂರು. ಎಂಜಿನಿಯರ್ ಸಂಜೆಯ ರೈಲು ಹಿಡಿಯುವ ಮುನ್ನ ಮೂರು ಜಾಗದ ಅಗಲ, ಫೈಬರ್ ಪಟ್ಟಿಯ ಎರಡು ತುದಿಯ ಸಾಲಿನ ಸಂಖ್ಯೆ, ಶಿಮ್‌ನ ದಪ್ಪ, ಇಷ್ಟನ್ನೂ ಸರ್ವಿಸ್ ರಿಪೋರ್ಟಿನಲ್ಲಿ ಬರೆಸಿಕೊಂಡು ಆಮೇಲೆ ಸಹಿ ಹಾಕಿ.