ಟ್ರೇಲ್‌ಹೆಡ್‌ನ ಗಟ್ಟಿ ನೆಲಕ್ಕೆ ಯಾವ ಟೆಂಟ್?

ರಾತ್ರಿಯೇ ಬೆಟ್ಟದ ಬುಡಕ್ಕೆ ಬಂದು, ಚಾರಣದ ದಾರಿ ಶುರುವಾಗುವ ಜಾಗವಾದ ಟ್ರೇಲ್‌ಹೆಡ್‌ನಲ್ಲಿ ಮಲಗಿ, ನಸುಕಿಗೆ ಚಾರಣ ಶುರುಮಾಡುವವರು ತನ್ನ ಕಂಬಗಳ ಮೇಲೆ ತಾನೇ ನಿಲ್ಲುವ, ಒಳಗೆ ಜಾಲರಿ ಹೊರಗೆ ಹೊದಿಕೆ ಇರುವ ಎರಡು ಪದರದ ಟೆಂಟನ್ನೇ ತೆಗೆದುಕೊಳ್ಳಿ. ಟ್ರೆಕ್ಕಿಂಗ್ ಪೋಲ್ (ಚಾರಣದ ಕೈಗೋಲು) ಆಧಾರದ ಒಂಟಿ ಪದರದ ಟೆಂಟು, ಮರಗಳ ನಡುವೆ ಕಟ್ಟುವ ಹ್ಯಾಮಕ್ಕು ಎರಡನ್ನೂ ಬಳಸಿ ನೋಡಿದ ಮೇಲೆ ಹೇಳುತ್ತಿರುವ ಮಾತು ಇದು. ತೂಕದಲ್ಲಿ ನನ್ನ ಆಯ್ಕೆ ಸೋಲುತ್ತದೆ, ಒಪ್ಪೋಣ. ಇಬ್ಬರು ಮಲಗುವ ಒಂಟಿ ಪದರದ್ದು ಒಂದು ಕಿಲೋ ಆಸುಪಾಸು, ಇದು ಎರಡು ಕಿಲೋ ಹತ್ತಿರ. ಆದರೆ ವಾಹನದಿಂದ ಇಳಿಸಿ ಹತ್ತು ಹೆಜ್ಜೆ ಆಚೆ ಹಾಕುವ ಟೆಂಟಿಗೆ ಆ ಒಂದು ಕಿಲೋ ಯಾವ ಲೆಕ್ಕ?

ತಕರಾರು ಇರುವುದೆಲ್ಲ ಗೂಟದಲ್ಲಿ. ಪೋಲ್ ಆಧಾರದ ಟೆಂಟು ನಿಲ್ಲುವುದು ಬರೀ ಬಿಗಿತದ ಮೇಲೆ. ನಾಲ್ಕರಿಂದ ಆರು ಗೂಟ ಭದ್ರವಾಗಿ ಕೂತರಷ್ಟೇ ಅದು ಟೆಂಟು, ಇಲ್ಲವಾದರೆ ನೆಲದ ಮೇಲೆ ಬಿದ್ದ ಬಟ್ಟೆ. ಕಾಡಿನೊಳಗಿನ ತರಗೆಲೆಯ ಮೆತ್ತನೆ ಮಣ್ಣಿನಲ್ಲಿ ಇದೇನೂ ಕಷ್ಟವಲ್ಲ. ಟ್ರೇಲ್‌ಹೆಡ್ ಹಾಗಲ್ಲ. ಚಕ್ರಗಳೂ ಕಾಲುಗಳೂ ವರ್ಷಗಟ್ಟಲೆ ತುಳಿದ ನೆಲ, ಕೆಸರಾಗದಿರಲೆಂದು ಮೇಲೆ ಜಲ್ಲಿ ಬೇರೆ. ಗೂಟ ಎರಡು ಬೆರಳಿನಷ್ಟು ಇಳಿದು ಕಲ್ಲಿಗೆ ತಾಗಿ ನಿಲ್ಲುತ್ತದೆ. ಟೆಂಟಿನ ಜೊತೆ ಕೊಡುವ ತೆಳು ಕೊಕ್ಕೆಗೂಟವನ್ನು ಕಲ್ಲಿನಿಂದ ಬಡಿದರೆ ಅಲ್ಲೇ ಬಾಗುತ್ತದೆ. ವೈ ಆಕಾರದ ಅಲ್ಯೂಮಿನಿಯಂ ಗೂಟ ಬಾಗುವುದು ಕಡಿಮೆ, ಆದರೆ ತಲೆ ಜಜ್ಜಿಹೋಗಿ ಅಂಚು ಹರಿತವಾಗುತ್ತದೆ, ಆಮೇಲೆ ಹಗ್ಗವನ್ನೇ ಕೊಯ್ಯುತ್ತದೆ. ಇಂಥ ನೆಲಕ್ಕೆ ಇಳಿಯುವುದು ಮೊಳೆಯಂಥ ದಪ್ಪ ಉಕ್ಕಿನ ಗೂಟ ಮಾತ್ರ. ಅಂಥ ಆರನ್ನು ಚೀಲಕ್ಕೆ ಹಾಕಿದರೆ ಉಳಿಸಿದ ತೂಕದಲ್ಲಿ ಒಂದಿಷ್ಟು ಅಲ್ಲಿಗೇ ಹೋಯಿತು.

ಗೂಟ ಇಳಿಯದ ಕಡೆ ಕಲ್ಲೇ ಗತಿ. ಮೂಲೆಯ ಹಗ್ಗಕ್ಕೆ ಅರ್ಧ ಮೀಟರ್‌ಗಿಂತ ತುಸು ಉದ್ದದ ಕುಣಿಕೆಯನ್ನು ಮನೆಯಲ್ಲೇ ಕಟ್ಟಿಕೊಂಡು ಬನ್ನಿ. ಕುಣಿಕೆಯ ತುದಿಗೆ ಹೆಬ್ಬೆರಳು ದಪ್ಪದ ಕಡ್ಡಿ ತೂರಿಸಿ ನೆಲಕ್ಕೆ ಮಲಗಿಸಿ. ದೊಡ್ಡ ಕಲ್ಲನ್ನು ಕಡ್ಡಿಯ ಮೇಲೆ ಹೇರಬೇಡಿ. ಕಡ್ಡಿಗೂ ಟೆಂಟಿಗೂ ನಡುವೆ, ಹಗ್ಗದ ಮೇಲೆ ಇಡಿ. ಹಗ್ಗ ಎಳೆದಷ್ಟೂ ಕಡ್ಡಿ ಕಲ್ಲಿಗೆ ಒತ್ತಿಕೊಳ್ಳುತ್ತದೆ. ನೇರವಾಗಿ ಕಲ್ಲಿಗೇ ಸುತ್ತಿದ ಹಗ್ಗ ಗಾಳಿಗೆ ಉಜ್ಜಿ ಉಜ್ಜಿ ಸವೆದು ಹರಿಯುತ್ತದೆ. ಉಪಾಯ ಚೆನ್ನಾಗಿಯೇ ಇದೆ, ಆದರೆ ತಲೆದೀಪದ ಬೆಳಕಿನಲ್ಲಿ ಆರು ದೊಡ್ಡ ಕಲ್ಲು ಹುಡುಕಬೇಕು. ಹತ್ತಿರದ ಒಳ್ಳೆಯ ಕಲ್ಲುಗಳೆಲ್ಲ ಅಷ್ಟರಲ್ಲಿ ಯಾರದೋ ಬೆಂಕಿಗುಂಡಿಯ ಸುತ್ತ ಸೇರಿರುತ್ತವೆ.

ಅಲ್ಲಿಗೂ ಮುಗಿಯುವುದಿಲ್ಲ. ಬಟ್ಟೆ ನೈಲಾನ್ ಆದರೆ ತೇವ ಹೀರಿ ಹಿಗ್ಗುತ್ತದೆ. ಸಂಜೆ ತಂತಿಯ ಹಾಗೆ ಬಿಗಿದಿದ್ದ ಗೋಡೆ ನಡುರಾತ್ರಿ ಜೋತು ಸ್ಲೀಪಿಂಗ್ ಬ್ಯಾಗಿಗೆ ತಾಗುತ್ತದೆ, ಎದ್ದು ಹೊರಗೆ ಹೋಗಿ ಮತ್ತೆ ಬಿಗಿಯಬೇಕು. ಪಾಲಿಯೆಸ್ಟರ್ ಬಟ್ಟೆ ಇಷ್ಟು ಹಿಗ್ಗುವುದಿಲ್ಲ, ಒಂಟಿ ಪದರವೇ ಬೇಕೆನ್ನುವವರು ಅದನ್ನೇ ನೋಡಿ. ಇನ್ನೊಂದು ಮಾತು ಅಂಗಡಿಯಲ್ಲಿ ಯಾರಿಗೂ ಹೊಳೆಯುವುದಿಲ್ಲ: ಟೆಂಟನ್ನು ಅಲ್ಲೇ ಬಿಟ್ಟು ಹಗಲು ಬೆಟ್ಟ ಹತ್ತಿ ಬರೋಣವೆಂದರೆ ಕೈಗೋಲುಗಳು ಟೆಂಟಿನೊಳಗೆ ಕಂಬವಾಗಿ ನಿಂತಿರುತ್ತವೆ.

ತಾನೇ ನಿಲ್ಲುವ ಟೆಂಟಿಗೂ ಗೂಟ ಬೇಕು, ಆದರೆ ನಿಲ್ಲುವುದಕ್ಕಲ್ಲ, ಹಾರಿಹೋಗದಿರುವುದಕ್ಕೆ. ಒಳಗೆ ನಾಲ್ಕು ಮೂಲೆಗೂ ಭಾರದ ಚೀಲ ಇಟ್ಟರೆ ಸಾಧಾರಣ ಗಾಳಿಗೆ ಸಾಕು. ಖಾಲಿ ಟೆಂಟನ್ನು ಮಾತ್ರ ಹಾಗೇ ಬಿಟ್ಟು ಹೋಗಬೇಡಿ, ಉರುಳಿಕೊಂಡು ಹೊರಟೇಬಿಡುತ್ತದೆ. ಹಾಕಿದ ಜಾಗ ಓರೆಯೆನಿಸಿದರೆ ಎತ್ತಿ ಪಕ್ಕಕ್ಕಿಡುವ ಸುಖ ಇದೊಂದರಲ್ಲೇ.

ಒಳಗೆ ಹನಿಗಟ್ಟುವುದರಲ್ಲೂ ಗೆಲುವು ಎರಡು ಪದರಕ್ಕೆ. ಆಕಾಶ ತಿಳಿಯಾಗಿದ್ದ ರಾತ್ರಿ ಹೊರಬಟ್ಟೆ ಸುತ್ತಲ ಗಾಳಿಗಿಂತಲೂ ತಣ್ಣಗಾಗುತ್ತದೆ, ಉಸಿರಿನ ಆವಿ ಅದರ ಒಳಮೈಗೆ ಹನಿಯಾಗಿ ಕೂರುತ್ತದೆ. ಎರಡು ಪದರದಲ್ಲೂ ಹನಿ ಕೂರುತ್ತದೆ, ಆದರೆ ನಡುವೆ ಜಾಲರಿ ಇರುವುದರಿಂದ ಮೈಗೆ ತಾಗುವುದಿಲ್ಲ. ಯಾವ ಟೆಂಟಾದರೂ ತೊರೆಯ ದಂಡೆ, ತಗ್ಗಿನ ಹುಲ್ಲುಗಾವಲು ಬೇಡ. ತಣ್ಣನೆ ತೇವದ ಗಾಳಿ ಇಳಿದು ನಿಲ್ಲುವುದು ಅಲ್ಲೇ. ನಾಲ್ಕು ಮಾರು ಮೇಲೆ, ಮರದ ನೆರಳಿಗೆ ಹೋಗಿ. ಒಣಕೊಂಬೆ ಜೋತ ಮರವಲ್ಲವೆಂದು ತಲೆಯೆತ್ತಿ ನೋಡಿಕೊಳ್ಳಿ.

ಎರಡು ಪದರದ ಟೆಂಟಿನ ದೋಷ ಮಳೆಯಲ್ಲಿ ಹಾಕುವಾಗ ಗೊತ್ತಾಗುತ್ತದೆ. ಹೆಚ್ಚಿನವುಗಳಲ್ಲಿ ಜಾಲರಿ ಮೊದಲು, ಹೊದಿಕೆ ಆಮೇಲೆ. ಅಷ್ಟರಲ್ಲಿ ಒಳಗೆ ನೀರು. ಒಂಟಿ ಪದರದ್ದಕ್ಕೆ ಈ ಕಾಟವಿಲ್ಲ. ನೆಲಹಾಸಿನ ಅಂಚು ಟೆಂಟಿನ ತಳಕ್ಕಿಂತ ಹೊರಗೆ ಚಾಚದಿರಲಿ, ಚಾಚಿದರೆ ಮಳೆನೀರನ್ನು ಅದೇ ತಳದಡಿಗೆ ತರುತ್ತದೆ.

ಹ್ಯಾಮಕ್ಕಿಗೆ ನೆಲದ ಗೊಡವೆಯೇ ಇಲ್ಲ. ನಾಲ್ಕೈದು ಮೀಟರ್ ಅಂತರದ ಎರಡು ಗಟ್ಟಿ ಜೀವಂತ ಮರ, ತೊಗಟೆ ಕೊಯ್ಯದಷ್ಟು ಅಗಲದ ಪಟ್ಟಿ, ಆ ಪಟ್ಟಿಗೆ ಸುಮಾರು 30 ಡಿಗ್ರಿ ಓರೆ ಸಾಕು. ಆದರೆ ಬೆನ್ನಡಿ ಒತ್ತಿಹೋದ ಸ್ಲೀಪಿಂಗ್ ಬ್ಯಾಗ್ ಬೆಚ್ಚಗಿಡುವುದಿಲ್ಲ, ಕೆಳಗೊಂದು ರಜಾಯಿ ಕಟ್ಟಬೇಕು. ಅಲ್ಲಿಗೆ ಖರ್ಚೂ ತೂಕವೂ ಟೆಂಟಿನ ಸಮಕ್ಕೆ ಬಂತು.

ಕೈ ಬಿಗಿಯಾಗಿದ್ದರೂ ನನ್ನ ಆಯ್ಕೆ ಬದಲಾಗದು: ಹಗುರವಾದದ್ದಕ್ಕೆ ದುಡ್ಡು ಸುರಿಯುವ ಬದಲು ಭಾರದ, ಅಗ್ಗದ ಎರಡು ಪದರದ್ದು ಕೊಂಡು, ಮಿಕ್ಕ ಹಣದಲ್ಲಿ ನಾಲ್ಕು ಉಕ್ಕಿನ ಗೂಟ. ಎಲ್ಲವನ್ನೂ ಬೆನ್ನಿಗೆ ಹೊತ್ತು ದಿನಕ್ಕೊಂದು ಕಡೆ ಮಲಗುವವರ ಲೆಕ್ಕ ಬೇರೆ, ಅವರಿಗೆ ಪೋಲ್ ಟೆಂಟೇ ಸರಿ. ಮೊದಲ ರಾತ್ರಿ ಮಾತ್ರ ವಾಹನ ನಿಲ್ಲಿಸಿದಲ್ಲಿ ಮಲಗದೆ, ದಾರಿಯಲ್ಲಿ ತುಸು ಒಳಗೆ ನಡೆದು, ಟೆಂಟ್ ಹಾಕಲು ಬಿಟ್ಟಿರುವ ಮೆತ್ತನೆ ನೆಲ ಸಿಕ್ಕಿದ ಮೇಲೆ ಚೀಲದಿಂದ ಗೂಟ ತೆಗೆಯಲಿ.