ವಿಎಚ್‌ಟಿ ಎಂಜಿನ್ ಎನಾಮೆಲ್: ತುಕ್ಕು ತಡೆಯೋಕೆ ಕೊಳ್ಳಿ, ತಂಪಿಗಾಗಿ ಬೇಡ

ಎಂಜಿನ್ ಪೇಂಟ್ ಕೇಳುವವರ ಬಾಯಲ್ಲಿ ಮೊದಲು ಬರೋದು ಬಣ್ಣದ ಪ್ರಶ್ನೆ. ಕಪ್ಪು ಹೊಡೆದರೆ ಎಂಜಿನ್ ಜಾಸ್ತಿ ಬಿಸಿಯಾಗುತ್ತಾ? ಸಿಲ್ವರ್ ಹೊಡೆದರೆ ತಂಪಾಗಿರುತ್ತಾ? ಕೆಲವು ಮೆಕ್ಯಾನಿಕ್‌ಗಳು ಉಲ್ಟಾ ಹೇಳ್ತಾರೆ: ಕಪ್ಪೇ ಶಾಖವನ್ನು ಹೊರಗೆ ಹಾಕುತ್ತೆ ಅಂತ. ಸ್ಪ್ರೇ ಕ್ಯಾನ್‌ನಲ್ಲಿ ಬರುವ ವಿಎಚ್‌ಟಿ ಬ್ರ್ಯಾಂಡಿನ ಎಂಜಿನ್ ಎನಾಮೆಲ್ ಒಳ್ಳೆಯ ಪೇಂಟ್. ಆದರೆ ಅದು ಮಾಡುವ ಕೆಲಸ ಬೇರೆ, ಜನ ಅದರಿಂದ ಬಯಸುವುದು ಬೇರೆ.

ಮೊದಲು ಲೆಕ್ಕ ನೋಡೋಣ. ಹೈವೇಯಲ್ಲಿ ಗಂಟೆಗೆ 5 ಲೀಟರ್ ಪೆಟ್ರೋಲ್ ಕುಡಿಯುವ ಕಾರಿನ ಎಂಜಿನ್‌ನಲ್ಲಿ ಸುಮಾರು 46 ಕಿಲೋವ್ಯಾಟ್ ಶಾಖ ಹುಟ್ಟುತ್ತೆ. ಅದರಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ, ಅಂದರೆ 15 ಕಿಲೋವ್ಯಾಟ್, ಕೂಲಂಟ್ (ಎಂಜಿನ್ ತಣಿಸುವ ದ್ರವ) ಮೂಲಕ ರೇಡಿಯೇಟರ್‌ಗೆ ಹೋಗುತ್ತೆ. ಇನ್ನು ಬ್ಲಾಕ್‌ನ ಹೊರಮೈ 100 ಡಿಗ್ರಿ, ಬಾನೆಟ್ ಒಳಗಿನ ವಾತಾವರಣ 60 ಡಿಗ್ರಿ ಅಂತ ಇಟ್ಟುಕೊಳ್ಳಿ. ಅರ್ಧ ಚದರ ಮೀಟರ್ ಬರಿ ಅಲ್ಯೂಮಿನಿಯಂ ಮೈ ವಿಕಿರಣದಿಂದ ಹೊರಹಾಕೋದು 20 ವ್ಯಾಟ್ ಆಸುಪಾಸು. ಅದೇ ಮೈಗೆ ಪೇಂಟ್ ಹೊಡೆದರೆ 180 ವ್ಯಾಟ್. ಒಂಬತ್ತು ಪಟ್ಟು ಹೆಚ್ಚಾಯಿತು ಅಂತ ಖುಷಿಪಡಬಹುದು, ಆದರೆ 15,000 ವ್ಯಾಟ್‌ನ ಮುಂದೆ ಈ 160 ವ್ಯಾಟ್ ವ್ಯತ್ಯಾಸ ಶೇಕಡಾ ಒಂದರಷ್ಟು. ಅದನ್ನೂ ಥರ್ಮೋಸ್ಟಾಟ್ ಅನ್ನೋ ವಾಲ್ವ್ ನುಂಗಿಬಿಡುತ್ತೆ. ಅದರ ಕೆಲಸವೇ ಕೂಲಂಟನ್ನು ಒಂದೇ ಬಿಸಿಯಲ್ಲಿ ಹಿಡಿದಿಡೋದು. ಬಹುತೇಕ ಕಾರುಗಳಲ್ಲಿ ಅದು 82ರಿಂದ 88 ಡಿಗ್ರಿಯಲ್ಲಿ ತೆರೆಯಲು ಶುರುವಾಗುತ್ತೆ.

ಇಲ್ಲಿ ಬಣ್ಣಕ್ಕೆ ಪಾತ್ರವೇ ಇಲ್ಲ. ಈ ಬಿಸಿಯಲ್ಲಿ ಹೊರಬೀಳೋದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್. ಆ ವಿಷಯದಲ್ಲಿ ಬಿಳಿ, ಕೆಂಪು, ಕಪ್ಪು ಎನಾಮೆಲ್ ಎಲ್ಲ ಒಂದೇ, ಎಲ್ಲದರ ವಿಕಿರಣ ಗುಣಾಂಕವೂ (ಶಾಖ ಹೊರಸೂಸುವ ಶಕ್ತಿಯ ಅಳತೆ, ಗರಿಷ್ಠ 1) 0.9ರ ಹತ್ತಿರ. ಬೇರೆಯಾಗಿ ನಿಲ್ಲೋದು ಅಲ್ಯೂಮಿನಿಯಂ ಪುಡಿ ಸೇರಿಸಿದ ಸಿಲ್ವರ್ ಪೇಂಟ್ ಮಾತ್ರ, ಅದು 0.3ರಿಂದ 0.5. ಅಂದರೆ ತಂಪಿಗೆ ಅಂತ ಸಿಲ್ವರ್ ಆರಿಸುವವರು ಕಡಿಮೆ ಶಾಖ ಬಿಡುವ ಪೇಂಟನ್ನೇ ಆರಿಸ್ತಿದ್ದಾರೆ.

ಬಾಡಿ ಬಣ್ಣದ ಕಥೆ ಬೇರೆ. ಅಲ್ಲಿ ಸೂರ್ಯನ ಬಿಸಿಲು ಲೆಕ್ಕಕ್ಕೆ ಬರುತ್ತೆ. ಅಮೆರಿಕದ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯದವರು ಒಂದು ಕಪ್ಪು, ಒಂದು ಸಿಲ್ವರ್ ಹೋಂಡಾ ಸಿವಿಕ್‌ಗಳನ್ನು ಬಿಸಿಲಲ್ಲಿ ನಿಲ್ಲಿಸಿ ಅಳೆದು 2011ರಲ್ಲಿ ಫಲಿತಾಂಶ ಪ್ರಕಟಿಸಿದರು: ಸಿಲ್ವರ್ ಕಾರಿನ ರೂಫ್ ಸುಮಾರು 25 ಡಿಗ್ರಿ ತಂಪು, ಕ್ಯಾಬಿನ್ ಗಾಳಿ 5–6 ಡಿಗ್ರಿ ತಂಪು. ಕಲಬುರಗಿ, ರಾಯಚೂರಿನ ಮೇ ತಿಂಗಳಲ್ಲಿ ಇದು ಚೆನ್ನಾಗಿ ಅನುಭವಕ್ಕೆ ಬರುವ ವ್ಯತ್ಯಾಸ, ಎಸಿ ಮೇಲಿನ ಹೊರೆಯೂ ಇಳಿಯುತ್ತೆ. ಆದರೆ ಓಡುವ ಎಂಜಿನ್ನಿನ ಬಿಸಿಗೆ ಬಾನೆಟ್ ಬಣ್ಣದಿಂದ ಏನೂ ಆಗದು.

ಹಾಗಾದರೆ ಈ ಪೇಂಟ್ ಯಾಕೆ ಬೇಕು? ತುಕ್ಕಿಗೆ. ಹಳೆ ಕಾಸ್ಟ್ ಐರನ್ ಬುಲೆಟ್ ಬೈಕಿನ ಬ್ಯಾರಲ್ (ಸಿಲಿಂಡರ್) ನೋಡಿ. ಕರಾವಳಿಯಲ್ಲಾದರೆ ಒಂದೇ ಮಳೆಗಾಲಕ್ಕೆ ಫಿನ್‌ಗಳ (ಗಾಳಿಗೆ ಶಾಖ ಬಿಡುವ ತೆಳು ಪಟ್ಟಿಗಳ) ಬುಡದಿಂದ ಕೆಂಪು ಪುಡಿ ಏಳುತ್ತೆ. ಮಾಮೂಲಿ ಸ್ಪ್ರೇ ಅಲ್ಲಿ ಸುಟ್ಟು ಹಳದಿಯಾಗಿ ಸಿಪ್ಪೆ ಬಿಡುತ್ತೆ. ಎಂಜಿನ್ ಎನಾಮೆಲ್ 288 ಡಿಗ್ರಿವರೆಗೆ ತಡೆಯುತ್ತೆ. ಬ್ಲಾಕ್, ಬ್ಯಾರಲ್, ವಾಲ್ವ್ ಕವರ್, ಸಂಪ್ (ತಳದ ಆಯಿಲ್ ತಟ್ಟೆ) ಎಲ್ಲಕ್ಕೂ ಸಾಕು. ಎಕ್ಸಾಸ್ಟ್ ಬೆಂಡ್ ಪೈಪಿಗೆ ಮಾತ್ರ ಇದನ್ನು ಹೊಡೆಯಬೇಡಿ, ಸುಟ್ಟುಹೋಗುತ್ತೆ. ಅದಕ್ಕೆ ಇದೇ ಕಂಪನಿಯ ಫ್ಲೇಮ್‌ಪ್ರೂಫ್ ಬೇರೆಯೇ ಇದೆ. ಅದು 121, 204, 316 ಡಿಗ್ರಿಗಳಲ್ಲಿ ತಲಾ ಅರ್ಧ ಗಂಟೆ ಬೆಂದು, ನಡುವೆ ಅರ್ಧರ್ಧ ಗಂಟೆ ಆರಬೇಕು.

ಈ ಪೇಂಟ್ ಕೈಕೊಟ್ಟಿದೆ ಅಂದರೆ ಹತ್ತಕ್ಕೆ ಒಂಬತ್ತು ಸಲ ತಪ್ಪು ಕ್ಯಾನಿನದ್ದಲ್ಲ, ತೊಳೆದ ರೀತಿಯದ್ದು. ಸೀಮೆಎಣ್ಣೆ ಅಥವಾ ಡೀಸೆಲ್ ಹಾಕಿ ಬ್ರಷ್‌ನಿಂದ ಗ್ರೀಸ್ ಬಿಡಿಸಿ ಅಲ್ಲಿಗೇ ನಿಲ್ಲಿಸಿದರೆ, ಆ ಎಣ್ಣೆಯ ತೆಳು ಪದರದ ಮೇಲೆ ಪೇಂಟ್ ಕೂರದೆ ಮೀನಿನ ಕಣ್ಣಿನಂಥ ಗುಳಿ ಬೀಳುತ್ತೆ. ಸೋಪುನೀರಲ್ಲಿ ಇನ್ನೊಮ್ಮೆ ತೊಳೆದು, ಒಣಗಿಸಿ, ವೈರ್ ಬ್ರಷ್ ಮತ್ತು 120–180 ನಂಬರ್ ಎಮರಿ ಪೇಪರ್ ಆಡಿಸಿ, ಕೊನೆಗೆ ಅಸಿಟೋನ್ ಹಾಕಿದ ಬಿಳಿ ಬಟ್ಟೆಯಲ್ಲಿ ಒರೆಸಿ. ಬಟ್ಟೆಯಲ್ಲಿ ಕಪ್ಪು ಬರೋದು ನಿಲ್ಲುವವರೆಗೂ ಒರೆಸಿ. ಬರಿ ಅಲ್ಯೂಮಿನಿಯಂ ಆದರೆ ಪ್ರೈಮರ್ ಬಿಡಲೇಬಾರದು.

ಪ್ಲಗ್ ತೂತು, ಗ್ಯಾಸ್ಕೆಟ್ ಕೂರುವ ಮೈ, ಆಯಿಲ್ ಲೆವೆಲ್ ಗಾಜು, ಅರ್ತ್ ವೈರ್ ಬೋಲ್ಟ್ ಕೂರುವ ಜಾಗ, ಇಷ್ಟಕ್ಕೂ ಮಾಸ್ಕಿಂಗ್ ಟೇಪ್ ಹಾಕಿ. ಅರ್ತ್ ಜಾಗಕ್ಕೆ ಪೇಂಟ್ ಬಿದ್ದರೆ ಸೆಲ್ಫ್ ಎಳೆಯುವುದೇ ಕಷ್ಟ. ಎಂಜಿನ್ ನಂಬರ್ ಮೇಲಂತೂ ಒಂದು ಹನಿಯೂ ಬೀಳಬಾರದು; ಆರ್‌ಟಿಒ ತಪಾಸಣೆಯಲ್ಲಿ ಅಕ್ಷರ ಓದಲು ಬಾರದಿದ್ದರೆ ಇಲ್ಲದ ತಲೆನೋವು.

ಕ್ಯಾನ್ ಒಳಗಿನ ಗೋಲಿ ಸದ್ದು ಶುರುವಾದ ಮೇಲೂ ಒಂದು ನಿಮಿಷ ಅಲುಗಾಡಿಸಿ. 25–30 ಸೆಂಟಿಮೀಟರ್ ದೂರದಿಂದ ಎರಡು ತೆಳು ಕೋಟ್, ಆಮೇಲೆ ಒಂದು ಸ್ವಲ್ಪ ಒದ್ದೆ ಕೋಟ್, ನಡುವೆ ಹತ್ತತ್ತು ನಿಮಿಷ. ಎಲ್ಲ ಕೋಟ್ ಒಂದು ಗಂಟೆಯೊಳಗೆ ಮುಗಿಯಬೇಕು. ತಪ್ಪಿದರೆ ಒಂದು ವಾರ ಬಿಟ್ಟೇ ಮುಂದಿನದು, ಇಲ್ಲದಿದ್ದರೆ ಅರ್ಧ ಒಣಗಿದ ಪದರವನ್ನು ಹೊಸ ಪೇಂಟಿನ ದ್ರಾವಕ ಎಬ್ಬಿಸಿ ಒಣಮೆಣಸಿನಕಾಯಿ ಸಿಪ್ಪೆಯ ಥರ ಸುಕ್ಕುಗಟ್ಟಿಸುತ್ತೆ. ಮಲೆನಾಡಿನ ಜುಲೈನಲ್ಲಿ ಈ ಕೆಲಸಕ್ಕೆ ಕೈ ಹಾಕದಿರೋದು ಉತ್ತಮ. ಒಣಗಿದ ಮೇಲೆ 93 ಡಿಗ್ರಿಯಲ್ಲಿ 20 ನಿಮಿಷ ಬೇಯಿಸಿದರೆ ಪೇಂಟ್ ಗಟ್ಟಿಯಾಗುತ್ತೆ. ಬಿಚ್ಚಿದ ಭಾಗವಾದರೆ ಪೌಡರ್ ಕೋಟಿಂಗ್ ಮಾಡುವವರ ಓವನ್ ಕೇಳಬಹುದು. ಅಡುಗೆ ಓವನ್ ಬೇಡ, ಆ ಹೊಗೆ ಊಟಕ್ಕೆ ಸೇರುವಂಥದ್ದಲ್ಲ. ಬೇಯಿಸದ ಪೇಂಟ್ ಮೇಲೆ ಪೆಟ್ರೋಲ್ ಚೆಲ್ಲಿದರೆ ಅಲ್ಲೇ ಮೆತ್ತಗಾಗಿ ಬೆರಳಿಗೆ ಅಂಟುತ್ತೆ. ಸರಿಯಾಗಿ ಬೆಂದಿದ್ದರೆ ಒರೆಸಿ ಮುಂದೆ ಹೋಗಬಹುದು.

ಏರ್‌ಕೂಲ್ಡ್ ಬೈಕಿನವರು ಗಮನಿಸಬೇಕಾದ್ದು ದಪ್ಪ. 50 ಮೈಕ್ರಾನ್ (ಮಿಲಿಮೀಟರ್‌ನ ಇಪ್ಪತ್ತನೇ ಒಂದು ಭಾಗ) ಪದರ ಶಾಖಕ್ಕೆ ಒಡ್ಡುವ ತಡೆ ಶೇಕಡಾ ಒಂದರ ಆಸುಪಾಸು, ಚಿಂತೆಯಿಲ್ಲ. ಹಳೆ ಪೇಂಟ್ ತೆಗೆಯದೆ ಮೇಲೆ ಮೇಲೆ ಹೊಡೆದು 300 ಮೈಕ್ರಾನ್ ಮಾಡಿದರೆ ತಡೆ ಶೇಕಡಾ ಆರೇಳಕ್ಕೆ ಏರಬಹುದು, ಫಿನ್‌ಗಳ ಬುಡದಲ್ಲಿ ಪೇಂಟ್ ಕಟ್ಟಿಕೊಂಡು ಗಾಳಿಯ ದಾರಿಯೂ ಕಿರಿದಾಗುತ್ತೆ. ಕಾರಿನ ರೇಡಿಯೇಟರ್‌ಗಂತೂ ಈ ಎನಾಮೆಲ್ ಬೇಡವೇ ಬೇಡ. ಅದು ಶಾಖ ಕಳೆದುಕೊಳ್ಳೋದು ಮುಖ್ಯವಾಗಿ ಹಾದುಹೋಗುವ ಗಾಳಿಗೆ. ಅದರ ಕೂದಲೆಳೆ ಸಂದುಗಳು ಪೇಂಟಿನಿಂದ ಮುಚ್ಚಿದರೆ ಬಿಸಿ ನಿಜವಾಗಿಯೂ ಏರುತ್ತೆ.

ಬಣ್ಣ ಆರಿಸುವಾಗ ನಮ್ಮ ಓಟು ತಿಳಿ ಬೂದಿಗೆ. ಹೆಡ್ ಗ್ಯಾಸ್ಕೆಟ್ ಅಂಚಿನಲ್ಲಿ ಆಯಿಲ್ ಜಿನುಗಲು ಶುರುವಾದರೆ ಮೊದಲ ಗೆರೆಯೇ ಕಣ್ಣಿಗೆ ಬೀಳುತ್ತೆ. ಮ್ಯಾಟ್ ಕಪ್ಪಿನಲ್ಲಿ ಅದು ಧೂಳು ಹಿಡಿದು ದಪ್ಪವಾಗುವವರೆಗೆ ಗೊತ್ತೇ ಆಗಲ್ಲ. ಬೆಲೆ ಮಾಮೂಲಿ ಸ್ಪ್ರೇಗಿಂತ ತುಂಬಾ ಹೆಚ್ಚು, ಆದರೆ ಬೈಕಿನ ಬ್ಯಾರಲ್, ಹೆಡ್ ಎರಡಕ್ಕೂ ಒಂದೇ ಕ್ಯಾನ್ ಸಾಕಾಗುವುದರಿಂದ ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಟೆಂಪರೇಚರ್ ಮುಳ್ಳು ಮೇಲೇರುತ್ತಿದೆ ಅನ್ನೋ ಕಾರಣಕ್ಕೆ ಪೇಂಟ್ ಹುಡುಕುತ್ತಿದ್ದರೆ ಆ ದುಡ್ಡನ್ನು ಮೊದಲು ರೇಡಿಯೇಟರ್ ಕ್ಯಾಪಿಗೆ ಹಾಕಿ. 1.1 ಬಾರ್ ಒತ್ತಡ ಹಿಡಿಯುವ ಕ್ಯಾಪ್, ಅರ್ಧಕ್ಕರ್ಧ ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಇದ್ದರೆ 120 ಡಿಗ್ರಿಯಲ್ಲೂ ಕುದಿಯೋದಿಲ್ಲ. ಸೀಲ್ ಸವೆದ ಕ್ಯಾಪ್ ಇದ್ದರೆ ಅದಕ್ಕೆ ಬಹಳ ಮುಂಚೆಯೇ ಉಕ್ಕುತ್ತೆ. ಆಮೇಲೆ ಫ್ಯಾನ್ ರಿಲೇ, ಥರ್ಮೋಸ್ಟಾಟ್, ರೇಡಿಯೇಟರ್ ಮುಂದೆ ಕಟ್ಟಿದ ಹುಳು-ಧೂಳು, ಈ ಕ್ರಮದಲ್ಲಿ ನೋಡಿ. ಕ್ಯಾಪನ್ನು ಮಾತ್ರ ಎಂಜಿನ್ ಪೂರ್ತಿ ತಣ್ಣಗಾದ ಮೇಲೆಯೇ ತೆಗೆಯಿರಿ.