ಬಸ್ಸಲ್ಲಿ ಸೀಟು ಬಿಡೋದು: ಹೆಂಗಸು ಅಂತಲೋ, ಸುಸ್ತಾಗಿದ್ದಾರೆ ಅಂತಲೋ?

ಹೆಂಗಸರು ನಿಂತಿದ್ದರೆ ಎದ್ದು ಸೀಟು ಕೊಡೋದು ಮರ್ಯಾದೆಯೋ, ಅವರನ್ನು ಕೈಲಾಗದವರು ಅಂದಂತೆಯೋ ಎಂದು ಕೇಳಿದ್ದೀರಿ. ಬಿಎಂಟಿಸಿ ಬಸ್ಸಿನ ಮುಂದಿನ ಮಹಿಳಾ ಸೀಟಿನ ಮಾತು ಬೇರೆ. ಅದು ನಿಯಮ, ಸುಮ್ನೆ ಏಳಿ. ಉಳಿದ ಕಡೆ ಎರಡು ದಾರಿ: ಹೆಂಗಸು ಎಂದು ಏಳುವುದು, ಇಲ್ಲವೇ ಯಾರಿಗೆ ಬೇಕೋ ನೋಡಿ ಏಳುವುದು.

ಮೊದಲನೆಯದು ಸುಲಭ, ಯೋಚಿಸೋದೇ ಬೇಡ. ಆದರೆ ಇಪ್ಪತ್ತರ ಹುಡುಗಿ ಕೂತಿರುತ್ತಾಳೆ, ಕೆ.ಆರ್. ಮಾರ್ಕೆಟ್ಟಿನಲ್ಲಿ ಹೂವಿನ ಮೂಟೆ ಹೊತ್ತು ಹತ್ತಿದ ತಾತ ಪಕ್ಕದಲ್ಲೇ ಕಂಬಿ ಹಿಡಿದು ತೂಗಾಡುತ್ತಿರುತ್ತಾನೆ. ಅಗತ್ಯದ ಲೆಕ್ಕದಲ್ಲಿ ಎರಡನೆಯದೇ ವಾಸಿ. ಅದರಲ್ಲೂ ಒಂದು ತೊಡಕಿದೆ: ಮೂರು ತಿಂಗಳ ಬಸುರು, ಮುಟ್ಟಿನ ನೋವು ಕಣ್ಣಿಗೆ ಕಾಣಲ್ಲ. "ಕೂತ್ಕೋತೀರಾ?" ಅಂತ ಕೇಳಿದರೆ ಮುಗೀತು.

ಇನ್ನು ಮರ್ಯಾದೆ. ಹೆಣ್ಣು ನಾಜೂಕು, ಗಂಡು ಕಾಯಬೇಕು ಎಂಬ ಸಿಹಿ ಮಾತಿನ ತಾರತಮ್ಯದ ಬಗ್ಗೆ ಮನಶ್ಶಾಸ್ತ್ರಜ್ಞರಾದ ಪೀಟರ್ ಗ್ಲಿಕ್ ಮತ್ತು ಸೂಸನ್ ಫಿಸ್ಕ್ 1996ರಲ್ಲೇ ಬರೆದಿದ್ದರು. ನನ್ನ ಪರೀಕ್ಷೆ ಇನ್ನೂ ಸರಳ. ನೀವು ಸೀಟು ಕೊಡಲು ಎದ್ದಾಗ ಆ ಹೆಂಗಸು "ಬೇಡ" ಅಂದು ನಿಮ್ಮ ಮುಖ ಊದಿಕೊಂಡರೆ ಅದು ಮರ್ಯಾದೆ ಅಲ್ಲ ಅಲ್ವಾ?

ನೂಕುನುಗ್ಗಲಿನ ರಾತ್ರಿ ಬಸ್ಸು, ಮೈಮೇಲೆ ಬೀಳುವವರು ಜಾಸ್ತಿ ಇದ್ದರೆ ಹೆಂಗಸು ಎಂದೇ ಎದ್ದುಬಿಡಿ. ಆರಾಮಾಗಿ ನಿಲ್ಲಬಹುದಾದ ಬಸ್ಸಲ್ಲಿ ವಯಸ್ಸು, ಮೂಟೆ, ಕೈಗೂಸು ನೋಡಿ ಏಳಿ.